ಗ್ಯಾಸ್ಟ್ರಿಕ್ ಅಂತೆ

“ಗದ್ದ ಇನ್ನೊಂದ್ಚೂರು ಎತ್ತಿ ಹಿಡಿಯವ್ವ, ಕತ್ತು ವಾಲ್ತಾ ಅದೆ,” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಏಕಾಂತಯ್ಯನವರು.

ಅಕ್ಷತಾ ತನ್ನಕ್ಕನ ಗದ್ದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅಯ್ಯನವರು ಬಿಳಿ ಬಟ್ಟೆಯ ಪಟ್ಟಿಯನ್ನು ಹಣೆಯ ಮೇಲಿಂದ ತಂದು ಗೋಡೆಯ ಮೊಳೆಗೆ ಬಿಗಿದರು. ಕಡಬದ ತೋಟದ ಮನೆಯ ನಡುಮನೆಯಲ್ಲಿ ಅಕ್ಕ ಗಂಗಾಂಬಿಕೆ ಚಕ್ಕಳಮಕ್ಕಳ ಹಾಕಿ, ಹಣೆ ತುಂಬ ವಿಭೂತಿ ಬಳಿಸಿಕೊಂಡು, ಗೋಡೆಗೆ ಒರಗಿ ಕುಳಿತಿದ್ದಳು. ಹೊತ್ತು ಇಳಿಯುವುದರೊಳಗೆ ತೋಟದಲ್ಲಿ, ಅಪ್ಪನ ಗದ್ದುಗೆಯ ಪಕ್ಕ, ಹೀಗೇ ಕೂರಿಸಿ ಮಣ್ಣು ಮಾಡಬೇಕಿತ್ತು.

“ಅವ್ವನ್ನ ಯಾವಾಗ ಕರ್ಕೊಂಡ್ಬರ್ತೀರಾ?” ಗದ್ದ ಬಿಡದೆಯೇ ಅಕ್ಷತಾ ಕೇಳಿದಳು.

ಬೆಳಗಿನಿಂದ ಅವಳು ಇದನ್ನೇ ಕೇಳುತ್ತಿದ್ದಳು. ಕೇಳಿದಾಗಲೆಲ್ಲ ಎಲ್ಲರಿಗೂ ಬೇರೇನೋ ಕೆಲಸ ನೆನಪಾಗುತ್ತಿತ್ತು. ಅಣ್ಣ ಬಸವಪ್ರಭು ಶಾಮಿಯಾನದವನಿಗೆ ಫೋನ್ ಮಾಡಿದ. ಚಿಕ್ಕಪ್ಪ ಚನ್ನವೀರಯ್ಯನವರು ಸರಿಯಾಗಿಯೇ ಇದ್ದ ಹಾರವನ್ನು ಮತ್ತೆ ಸರಿಮಾಡತೊಡಗಿದರು.

“ಚಿಕ್ಕಪ್ಪ, ನಿಮ್ಮನ್ನೇ ಕೇಳ್ತಿರೋದು.”

“ಹಾರ್ಟ್ ವೀಕು ಕಣಮ್ಮ ಅವರ್ದು. ಹೋದ್ವರ್ಷ ತಾನೆ ಸ್ಟೆಂಟ್ ಹಾಕ್ಸಿರೋದು. ಈಗ ಹೇಳಿದ್ರೆ ಒಂದ್ ಹೋಗಿ ಎರಡಾಗ್ತದೆ. ಎಲ್ಲ ಕಾರ್ಯ ಮುಗೀಲಿ, ನಿಧಾನಕ್ಕೆ ಹೇಳೋಣ.”

“ನಿಧಾನಕ್ಕೆ ಅಂದ್ರೆ? ಮಣ್ಣು ಮಾಡಿದ್ಮೇಲೆ ಫೋಟೋ ತೋರ್ಸಿ ಹೇಳ್ತೀರಾ?”

“ಸಿ.ಎಸ್. ಪುರದಲ್ಲಿ ಯಾರೋ ದೂರದ ನೆಂಟ್ರು ಹೋಗ್ಬಿಟ್ರು ಅಂತ ಹೇಳಿದೀವಿ. ನಂಬವ್ರೆ. ಆರಾಮಾಗವ್ರೆ. ನೀನ್ ಸುಮ್ನಿರು.”

ಅವ್ವ ಶಿವನಂಜಮ್ಮ ಇದ್ದದ್ದು ಗುಬ್ಬಿಯಲ್ಲಿ, ಬಸವಪ್ರಭುವಿನ ಮನೆಯಲ್ಲಿ. ಅಲ್ಲಿ ಟಿವಿಯ ಕೇಬಲ್ ಕಿತ್ತಿದ್ದರು. ಅವ್ವನ ಫೋನನ್ನು ರಿಪೇರಿಯ ನೆಪದಲ್ಲಿ ಎತ್ತಿಟ್ಟಿದ್ದರು. ಅತ್ತಿಗೆ ಪ್ರಮೀಳಾಳನ್ನು ಕಾವಲಿಗೆ ಬಿಟ್ಟಿದ್ದರು. ಸಾವಿಗಿಂತ ಈ ಸುಳ್ಳಿಗೇ ಮನೆಯವರು ಹೆಚ್ಚು ಓಡಾಡಿದ್ದರು.

ಜಗಲಿಯಲ್ಲಿ ಯಾರೋ ಹೆಂಗಸು ಕೇಳುತ್ತಿದ್ದಳು. “ಏನಾಗಿತ್ತಂತೆ ಪಾಪ?”

“ಗ್ಯಾಸ್ಟ್ರಿಕ್ ಅಂತೆ. ಹೊಟ್ಟೇಲಿ ಜಾಸ್ತಿ ಆಗೋಗಿತ್ತಂತೆ.”

ಅಕ್ಷತಾಳಿಗೆ ಮೈಯೆಲ್ಲ ಉರಿಯಿತು. ಕ್ಯಾನ್ಸರ್ ಎಂದು ಅಕ್ಕ ತಾನೇ ಬಾಯಿಬಿಟ್ಟು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದಳು. ಅದು ಚಿಕ್ಕಪ್ಪನ ಬಾಯಿಂದ ನೆಂಟರಿಗೆ ದಾಟುವಷ್ಟರಲ್ಲಿ ಗ್ಯಾಸ್ಟ್ರಿಕ್ ಆಗಿತ್ತು. ಅವ್ವನ ವಿಷಯದಲ್ಲಿ ಮಾತ್ರ ಅಕ್ಕ, “ಅವ್ವಂಗೆ ನಾನೇ ಹೇಳ್ತೀನಿ, ನೀವ್ಯಾರೂ ಬಾಯಿ ಹಾಕ್ಬೇಡಿ” ಎಂದಿದ್ದಳು. ಹೇಳಿದಳೋ ಇಲ್ಲವೋ, ಆಮೇಲೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

*

ಗಂಗಾಂಬಿಕೆ ಮದುವೆಯಾಗಲಿಲ್ಲ. ತುಮಕೂರಿನಲ್ಲಿ ಮನೆ ಮಾಡಿಕೊಂಡು, ದೊಡ್ಡ ಕಾಯಿಲೆ ಬಂದವರ ಮನಸ್ಸಿಗೆ ಏನಾಗುತ್ತದೆ ಎಂಬ ಒಂದೇ ವಿಷಯವನ್ನು ಹಿಡಿದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಳು. ಹಬ್ಬಕ್ಕೆ ಬಂದಾಗಲೆಲ್ಲ ಚಿಕ್ಕಪ್ಪ ಕೆಣಕುತ್ತಿದ್ದರು. “ಕಾಯಿಲೆ ಬಂದೋರಿಗೆ ಬೇಜಾರಾಗ್ದೆ ಇನ್ನೇನಾಗ್ತದಮ್ಮ? ಇದಕ್ಕೂ ಒಂದು ಸಂಶೋಧನೆ ಬೇಕಾ?”

“ಬೇಜಾರು ಬೇರೆ, ಖಿನ್ನತೆ ಬೇರೆ ಚಿಕ್ಕಪ್ಪ. ಬೇಜಾರಿಗೆ ಪಕ್ಕದಲ್ಲಿ ಮನುಷ್ಯ ಇದ್ರೆ ಸಾಕು. ಖಿನ್ನತೆಗೆ ಔಷಧಿನೂ ಬೇಕು. ಯಾವುದು ಯಾವುದು ಅಂತ ಯಾರೂ ಕೇಳೋದೇ ಇಲ್ಲ.”

ಅಕ್ಷತಾ ಕುಣಿಗಲ್‌ನಲ್ಲಿ ಹೈಸ್ಕೂಲ್ ಮೇಡಂ. ಒಂದು ಶನಿವಾರ ಸ್ಕೂಲು ಮುಗಿಸಿ, ಅಕ್ಕನನ್ನು ಊಟಕ್ಕೆ ಕರೆಯಲೆಂದು ಅಲ್ಲಿನ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಹೋಗಿದ್ದಳು. ಬೆಟ್ಟಸ್ವಾಮಿ ಎಂಬ ರೈತ ಮಂಚದ ಮೇಲಿದ್ದ. ಸುತ್ತ ಹೆಂಡತಿ, ಮಗ, ಭಾಮೈದ.

“ರಾತ್ರಿ ನಿದ್ದೆ ಬರುತ್ತಾ?” ಎಂದು ಗಂಗಾಂಬಿಕೆ ಅವನನ್ನು ಕೇಳಿದಳು.

“ಚೆನ್ನಾಗ್ ಮಲಗ್ತಾರೆ ಮೇಡಂ,” ಎಂದಳು ಹೆಂಡತಿ.

“ಊಟ ಸೇರುತ್ತಾ?”

“ಮುದ್ದೆ ಮುರಿತಾರೆ,” ಎಂದ ಮಗ.

“ಮನಸ್ಸಿಗೆ ಏನನ್ನಿಸ್ತಿದೆ?”

“ಏನೂ ಇಲ್ಲ, ಆರಾಮಾಗವ್ನೆ,” ಎಂದ ಭಾಮೈದ.

ಗಂಗಾಂಬಿಕೆ ಪೆನ್ನಿನ ಕ್ಯಾಪ್ ಮುಚ್ಚಿದಳು. ಅವಳ ಮೂಗಿನ ತುದಿ ಕೆಂಪಾಗಿತ್ತು. ಸಿಟ್ಟು ಬಂದಾಗ ಅವಳಿಗೆ ಮೊದಲು ಆಗುತ್ತಿದ್ದದ್ದು ಅದೇ. ಆದರೆ ದನಿ ಮೆತ್ತಗಿತ್ತು. “ಮನೆಯವ್ರೆಲ್ಲ ಹೋಗಿ ಒಂದು ಟೀ ಕುಡ್ಕೊಂಡ್ ಬನ್ನಿ.”

ಅವರು ಹೋದ ಮೇಲೆ ಬೆಟ್ಟಸ್ವಾಮಿ ಬಾಗಿಲ ಕಡೆ ನೋಡಿದ. ಆಮೇಲೆ ಹೇಳಿದ. “ಎಲ್ರೂ ನನ್ ಮುಂದೆ ನಗ್ತಾರೆ ಕಣವ್ವ. ನಾನೂ ನಗ್ತೀನಿ. ಈ ಮಿಷಿನ್ನಿಗಿಂತ ಅದೇ ಸುಸ್ತು.”

ಹೊರಗೆ ಬಂದ ಅಕ್ಕ ಅಂದು ಕ್ಯಾಂಟೀನಿನಲ್ಲಿ ಊಟದ ತಟ್ಟೆಯ ಮುಂದೆ ಕುಳಿತು ಸಿಡಿಮಿಡಿಗುಟ್ಟಿದ್ದಳು. “ಅವನಿಗೆ ಗೊತ್ತು, ಇವರಿಗೂ ಗೊತ್ತು. ಒಬ್ಬರಿಗೊಬ್ಬರು ನಾಟಕ ಆಡ್ತಾರೆ. ಎಷ್ಟು ವರ್ಷದಿಂದ ಬರೀತಿದೀನಿ ಅಕ್ಷತಾ, ನಮ್ಮ ಮನೇಲೇ ಒಬ್ರೂ ಓದಿಲ್ಲ.”

ಅಕ್ಷತಾಳೂ ಓದಿರಲಿಲ್ಲ. ಅದೆಲ್ಲ ಇಂಗ್ಲಿಷ್‌ನಲ್ಲಿತ್ತು, ಉದ್ದ ಬೇರೆ.

*

ಮಧ್ಯಾಹ್ನದ ಹೊತ್ತಿಗೆ ಆ ಆಸ್ಪತ್ರೆ ಕ್ಯಾಂಟೀನಿನ ಕಾಂತೇಶ್ ಆಟೋದಲ್ಲಿ ದೊಡ್ಡ ಸ್ಟೀಲ್ ಡ್ರಮ್ ಇಟ್ಟುಕೊಂಡು ಬಂದ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಕುಣಿಗಲ್‌ನಿಂದಲೇ ಟೀ ತಂದಿದ್ದ. “ಗಂಗಾಂಬಿಕೆ ಮೇಡಂ ವಾರ್ಡಿಗೆ ಬಂದ ದಿನ ಎಲ್ರನ್ನೂ ಟೀಗೆ ಕಳಿಸೋರು, ನನಗೆ ಡಬಲ್ ವ್ಯಾಪಾರ,” ಎಂದವನೇ ಕಣ್ಣೊರೆಸಿಕೊಂಡು ಕಪ್ಪುಗಳನ್ನು ಬಿಡಿಸತೊಡಗಿದ.

ತೋಟದಲ್ಲಿ ಗುಂಡಿ ತೆಗೆಯುವವರ ಹಾರೆಯ ಸದ್ದು ನಿಂತಿತು. ಏಕಾಂತಯ್ಯನವರು ಬಿಸಿಲು ನೋಡಿ, “ಸಿದ್ಧ ಮಾಡ್ಕೊಳಿ,” ಎಂದರು.

ಇನ್ನು ಇವರನ್ನು ಕೇಳುತ್ತಾ ಕುಳಿತರೆ ಆಗುವ ಮಾತಲ್ಲ ಎಂದು ಅಕ್ಷತಾಳಿಗೆ ಖಾತ್ರಿಯಾಯಿತು. ಬಸವಪ್ರಭುವಿನ ಕಾರಿನ ಕೀ ಕಿಟಕಿಯ ಮೇಲಿತ್ತು, ತೆಗೆದುಕೊಂಡಳು. “ಬಿಲ್ವಪತ್ರೆ ಕಮ್ಮಿ ಬಿದ್ದಿದೆ, ತರ್ತೀನಿ. ನಾನು ಬರೋಗಂಟ ಎತ್ಬೇಡಿ,” ಎಂದಳು. ಆ ಮನೆಯಲ್ಲಿ ಅಂದು ಸುಳ್ಳು ಹೇಳುವುದು ಏನೂ ಕಷ್ಟವಿರಲಿಲ್ಲ.

ಗುಬ್ಬಿಯ ಮನೆಯ ಗೇಟಿನಲ್ಲೇ ಪ್ರಮೀಳಾ ಅಡ್ಡಬಂದಳು. “ನಿಮ್ಮಣ್ಣ ನನ್ನ ಸಾಯ್ಸಿಬಿಡ್ತಾರೆ ಕಣೇ.”

“ಸಾಯ್ಸಿದ್ರೆ ನಿಂಗೂ ಗ್ಯಾಸ್ಟ್ರಿಕ್ ಅಂತಾರೆ, ಬುಡು,” ಎಂದು ಅಕ್ಷತಾ ಒಳಗೆ ನುಗ್ಗಿದಳು.

ಶಿವನಂಜಮ್ಮ ಒಗೆದ ಬಿಳಿ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಮಂಚದ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ಕುಳಿತಿದ್ದರು. “ಬಂದ್ಯಾ? ಹೊರಡಾನ,” ಎಂದರು, ಎಲ್ಲಿಗೆಂದು ಕೇಳಲಿಲ್ಲ.

ಊರು ದಾಟುವವರೆಗೂ ಅಕ್ಷತಾ ಬಾಯಿಗೆ ಬಂದ ಮಾತನ್ನು ನುಂಗಿದಳು. ಬೆಳಗಿನಿಂದ ಮನೆಮಂದಿಯನ್ನೆಲ್ಲ ತರಾಟೆಗೆ ತೆಗೆದುಕೊಂಡವಳಿಗೆ ಈಗ ಒಂದು ವಾಕ್ಯ ಹೊರಡಲೊಲ್ಲದು. “ಅವ್ವ, ಅಕ್ಕಂಗೆ ಸ್ವಲ್ಪ…” ಎಂದಳು. ಸ್ವಲ್ಪ ಎಂದದ್ದು ಕೇಳಿ ಅವಳಿಗೇ ಅಸಹ್ಯವಾಯಿತು.

“ಗಂಗಾ ಯಾವಾಗ ಹೋದ್ಲು?” ಎಂದರು ಶಿವನಂಜಮ್ಮ.

ಅಕ್ಷತಾ ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿದಳು. “ಬೆಳಗಿನ ಜಾವ. ನಿನಗ್ಯಾರು ಹೇಳಿದ್ರು?”

“ಹೇಳೋದೇನು? ಪ್ರಮೀಳಾ ಬೆಳಗಿಂದ ಮೂರ್ ಸಲ ಕಾಫಿ ಕೊಟ್ಲು. ಯಾವತ್ ಕೊಟ್ಟಿದ್ಲು? ಟಿವಿ ಕೆಟ್ಟೋಯ್ತಂತೆ, ಫೋನೂ ಕೆಟ್ಟೋಯ್ತಂತೆ, ಒಂದೇ ದಿನ.” ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಶಿವರಾತ್ರಿಗೆ ಬಂದಾಗಲೇ ಎಲ್ಲಾ ಹೇಳಿದ್ಲು. ನಿಮ್ಮನ್ನೆಲ್ಲ ಬೈಪಾಸ್ ಹೋಟ್ಲಿಗೆ ಟೀ ಕುಡಿಯಾಕೆ ಕಳ್ಸಿದ್ಲಲ್ಲ, ಅವತ್ತು. ಇಬ್ರೂ ಕೂತು ಅತ್ವಿ. ನೀವು ಬರೋಷ್ಟರಲ್ಲಿ ಮುಖ ತೊಳ್ಕೊಂಡ್ವಿ.”

“ನಂಗ್ಯಾಕೆ ಒಂದ್ ಮಾತೂ ಹೇಳ್ಲಿಲ್ಲ?”

“ನೀವ್ಯಾರೂ ನನ್ಹತ್ರ ಮಾತೆತ್ಲಿಲ್ಲ. ನಂಗೊತ್ತು ಅಂತ ಗೊತ್ತಾದ್ರೆ ನಿಮಗೆ ಇನ್ನೂ ಸಂಕಟ ಅಂತ ನಾನೂ ಸುಮ್ನಿದ್ದೆ.”

ಅಕ್ಷತಾಳಿಗೆ ಆ ಟೀ ನೆನಪಾಯಿತು. ಸಕ್ಕರೆ ಜಾಸ್ತಿಯಾಗಿದೆ ಎಂದು ಹೋಟೆಲಿನವನ ಹತ್ತಿರ ಜಗಳ ಕಾದಿದ್ದಳು. ಬೆಟ್ಟಸ್ವಾಮಿಯ ಹೆಂಡತಿ, ಮಗ, ಭಾಮೈದನ ಹಾಗೆ ತನ್ನನ್ನೂ ಅಕ್ಕ ಹೊರಗೆ ಕಳಿಸಿದ್ದಳು. ಸ್ಟೇರಿಂಗ್ ಮೇಲೆ ತಲೆಯಿಟ್ಟು, ಅಂದು ಮೊದಲ ಸಲ, ಅವಳು ಜೋರಾಗಿ ಅತ್ತಳು.

“ಆಯ್ತು ಕಣವ್ವ, ಅತ್ಕೋ,” ಎಂದು ಶಿವನಂಜಮ್ಮ ಅವಳ ಬೆನ್ನು ಸವರುತ್ತಾ ಕಾದರು.

*

ಕಾರು ಅಂಗಳಕ್ಕೆ ಬಂದಾಗ ಭಜನೆ ನಿಂತಿತು. ಚನ್ನವೀರಯ್ಯನವರು ಓಡಿಬಂದು ಮನೆಯ ಬಾಗಿಲಿಗೆ ಅಡ್ಡ ನಿಂತರು. “ಏನಿಲ್ಲ ಅತ್ತಿಗಮ್ಮ, ಏನಿಲ್ಲ. ಸುಮ್ನೆ ಎಲ್ರೂ ಸೇರಿದೀವಿ.” ಅವರ ಹೆಗಲ ಮೇಲಿಂದ ನೋಡಿದರೆ ಹೂವಿನ ನಡುವೆ ಗಂಗಾಂಬಿಕೆ ಕುಳಿತೇ ಇದ್ದಳು.

“ಗೊತ್ತಪ್ಪ ಚನ್ನವೀರ. ಬೆವರ್ತಾ ಇದೀಯ, ಕೂತ್ಕೋ ಹೋಗು,” ಎಂದು ಶಿವನಂಜಮ್ಮ ಒಳಗೆ ನಡೆದರು.

ಅವರು ಮಗಳ ಎದುರು ಕುಳಿತದ್ದೇ ತಡ, ಹತ್ತು ಜನ ಮುತ್ತಿದರು. ಒಬ್ಬರು ನೀರು ಹಿಡಿದರು. ಒಬ್ಬರು ನಾಲಿಗೆಯಡಿಗೆ ಮಾತ್ರೆ ಇಡಿ ಎಂದರು. “ಅಳ್ಬೇಡಿ ಅಮ್ಮ” ಎಂದರು ಒಬ್ಬರು, “ಅತ್ಬಿಡ್ಲಿ ಬುಡಿ” ಎಂದರು ಇನ್ನೊಬ್ಬರು. ಅಯ್ಯನವರು ಬಗ್ಗಿ, “ಎದೆ ಏನಾದ್ರೂ ನೋಯ್ತಾ ಅದೇನವ್ವ?” ಎಂದು ಕೇಳಿದರು.

“ಇಲ್ಲ ಇಲ್ಲ, ಆರಾಮಾಗವ್ರೆ,” ಎಂದ ಬಸವಪ್ರಭು.

ಶಿವನಂಜಮ್ಮ ತಿರುಗಿ ಮಗನನ್ನು ನೋಡಿದರು. ಅವರ ಮೂಗಿನ ತುದಿ ಕೆಂಪಾಗಿತ್ತು. ದನಿ ಮಾತ್ರ ಮೆತ್ತಗಿತ್ತು.

“ಮನೆಯವ್ರೆಲ್ಲ ಹೋಗಿ ಒಂದು ಟೀ ಕುಡ್ಕೊಂಡ್ ಬನ್ನಿ.”

ಯಾರೂ ಅಲುಗಾಡಲಿಲ್ಲ. ಹೊರಗೆ ಕಾಂತೇಶ್ ಒಬ್ಬನೇ ತಟಕ್ಕನೆ ಎದ್ದು ಡ್ರಮ್ಮಿನ ನಲ್ಲಿ ತಿರುಗಿಸಿದ. ಕಪ್ಪಿಗೆ ಟೀ ಬೀಳುವ ಸದ್ದು ನಡುಮನೆಯವರೆಗೂ ಕೇಳಿಸಿತು. ಒಬ್ಬೊಬ್ಬರಾಗಿ ಎದ್ದರು. ಅಕ್ಷತಾ ಅವ್ವನ ಪಕ್ಕದಲ್ಲೇ ಕೂರಲು ನೋಡಿದಳು.

“ನೀನೂ ಕಣವ್ವ,” ಎಂದರು ಶಿವನಂಜಮ್ಮ.

ಅವಳು ಹೊರಬಂದ ಮೇಲೆ ಒಳಗಿನಿಂದ ಚಿಲಕ ಬಿತ್ತು. ತೆಂಗಿನ ಮರಗಳ ನೆರಳು ಉದ್ದವಾಗುತ್ತಾ ಹೊಸ ಗುಂಡಿಯ ಮಣ್ಣಿನ ಮೇಲೆ ಹತ್ತಿತು. ಹೊತ್ತಾಯಿತು ಎಂದು ಅಯ್ಯನವರೂ ಹೇಳಲಿಲ್ಲ. ಅಣ್ಣ, ಚಿಕ್ಕಪ್ಪ, ಭಜನೆಯವರು, ಜಗಲಿಯ ಹೆಂಗಸರು, ಎಲ್ಲರೂ ಕೈಯಲ್ಲೊಂದು ಪೇಪರ್ ಕಪ್ ಹಿಡಿದು, ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತರು. ಟೀಯ ಮೇಲೆ ಕೆನೆ ಕಟ್ಟಿತು.