ಅತ್ತೆಗೆ ಬಂದ ರಾಗ

ಮದುವೆಯಾದಾಗಿನಿಂದ ಗಂಡನ ಮೇಲೆ ಒಂದು ದಿನವೂ ಸಂಶಯಪಟ್ಟವಳಲ್ಲ ನಾನು. ಕೊನೆಗೂ ಪಟ್ಟದ್ದು ಒಂದು ಕಥೆಯ ಸಲುವಾಗಿ.

ಬೆಳಗಾವಿಯ ಮಾಸಪತ್ರಿಕೆಯೊಂದರ ದೀಪಾವಳಿ ವಿಶೇಷಾಂಕದಲ್ಲಿ ನನ್ನ ಕಥೆ ಬಂದಿತ್ತು. ವರ್ಷಗಟ್ಟಲೆ ಬರೆದು ಕಳಿಸಿದರೂ ಅಚ್ಚಾದದ್ದು ಇದೇ ಮೊದಲು. ಖಾನಾಪುರ ಬಸ್ ನಿಲ್ದಾಣದ ಅಂಗಡಿಯಲ್ಲಿ ಸಂಚಿಕೆ ಕೊಂಡು ಅಲ್ಲೇ ನಿಂತು ಓದಿದೆ. ಮೇಲೆ ಪೂನಮ್ ಎಂದು ನನ್ನದೇ ಹೆಸರು, ನನ್ನದೇ ಫೋಟೊ. ಒಳಗೆ ನೋಡಿದರೆ ನಮ್ಮ ಅತ್ತೆ ಹಾಡುತ್ತಿದ್ದಾರೆ!

ಅತ್ತೆ ಸುಂದರಾಬಾಯಿ ಜನ್ಮದಲ್ಲಿ ಹಾಡಿದವರಲ್ಲ. ಬಸದಿಯಲ್ಲಿ ಆರತಿಯ ಹೊತ್ತಿಗೂ ಬರೀ ತುಟಿ ಆಡಿಸುತ್ತಾರೆ. ನಾನು ಬರೆದದ್ದು ನಡೆದ ಸಂಗತಿ. ನಾನು ಮದುವೆಯಾಗಿ ಬಂದಾಗ ಬಿ.ಎ. ಕೊನೆಯ ಪರೀಕ್ಷೆ ಬಾಕಿಯಿತ್ತು. ಸೊಸೆ ಇನ್ನು ಪರೀಕ್ಷೆಗಿರೀಕ್ಷೆ ಅಂತ ಹೋಗುವುದು ಬೇಡ ಎಂದರು ಮಾವ. 'ಅತ್ತೆಗೆ ರಾಗ ಬಂತು. ಅಡುಗೆಮನೆಗೆ ಕೀಲಿ ಹಾಕಿದರು' ಎಂದು ಬರೆದಿದ್ದೆ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮಾವ ಉಪವಾಸ ಮಲಗಿದರು. ಬೆಳಗ್ಗೆ ಎದ್ದವರೇ, ಬರೀಲಿ ಬಿಡು ಎಂದರು.

ಖಾನಾಪುರದಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಗಂಗಾಳದಲ್ಲಿ ಉಣ್ಣುತ್ತವೆ. ನಮಗೆ ರಾಗ ಬಂತೆಂದರೆ ಸಿಟ್ಟು ಬಂತೆಂದೇ ಅರ್ಥ. ಅಚ್ಚಿನಲ್ಲಿ ಮಾತ್ರ ಹೀಗಿತ್ತು: 'ಅತ್ತೆಯವರ ಕೊರಳಿನಿಂದ ರಾಗವೊಂದು ಹರಿದುಬಂತು. ಅದು ಬರೀ ಹಾಡಲ್ಲ, ಮೌನದ ಪ್ರಾರ್ಥನೆ. ಗಾನದಲ್ಲಿ ಮೈಮರೆತ ಅವರು ಅಡುಗೆಮನೆಯ ಬಾಗಿಲು ತೆರೆಯುವುದನ್ನೇ ಮರೆತರು.' ಆ ಹಾಡಿಗೆ ಕರಗಿ ಮಾವ ಒಪ್ಪಿದರಂತೆ. ಮಾವ ಕರಗಿದ್ದನ್ನು ನಾನಂತೂ ಕಂಡಿಲ್ಲ.

ಕಥೆಯನ್ನು ಟೈಪ್ ಮಾಡಿ ಕಳಿಸಿದವರು ನನ್ನ ಗಂಡ ಉತ್ತಮ. ಸೊಸೈಟಿಗೆ ಅರ್ಜಿ ಬರೆಯುವುದಕ್ಕೂ ಮೊಬೈಲಿನ ಎಐ ಬೇಕು ಅವರಿಗೆ. ಕಳ್ಳ ಮನೆಯಲ್ಲೇ ಇದ್ದಾನೆ ಎಂದುಕೊಂಡೆ.

"ಖರೇ ಹೇಳ್ರಿ, ನನ್ನ ಕಥಿ ಅದರ ಕೈಯಾಗ ಕೊಟ್ರಿಲ್ಲೋ?"

"ನಿನ್ನಾಣಿ, ಒಂದ ಅಕ್ಷರ ಮುಟ್ಟಿಲ್ಲ."

ಆಣೆ ಮಾಡಿದ್ದಕ್ಕೇ ಸಂಶಯ ಇನ್ನಷ್ಟಾಯಿತು. ಅವರು ಸ್ನಾನಕ್ಕೆ ಹೋದಾಗ ಮೊಬೈಲ್ ತೆಗೆದು ನೋಡಿದೆ. ಕಳಿಸಿದ ಇಮೇಲಿನಲ್ಲಿ ನನ್ನ ಕಥೆ ಇದ್ದ ಹಾಗೇ ಇತ್ತು, ನನ್ನ ಕಾಗುಣಿತದ ತಪ್ಪುಗಳ ಸಮೇತ. ನಾಚಿಕೆಯಾಯಿತು. ಆದರೂ ಸಿಟ್ಟು ಇಳಿಯದೆ ಬೆಳಗಾವಿಯ ಕಡೆಗೆ ತಿರುಗಿತು.

ಪತ್ರಿಕೆಯ ಕಚೇರಿ ಅಲ್ಲಿನ ಕ್ಯಾಂಪ್ ಪ್ರದೇಶದ ಹಳೇ ಬಂಗಲೆಯೊಂದರಲ್ಲಿ. ನಾನು ಒಳಗೆ ಹೋದದ್ದೇ ಸಂಪಾದಕ ಗೌರೀಶ ಎದ್ದು ನಿಂತ.

"ಬರ್ರಿ ಅಕ್ಕಾರ, ಕುಂದರ್ರಿ. ಚಾ ತರಸ್ತೀನಿ."

"ಚಾ ಇರ್ಲಿ. ನನ್ನ ಕಥಿ ಯಾರು ಬರದಾರ?"

ಅವನು ನಕ್ಕ. "ನೀವ ಬರದೀರಿ. ಬಂದ ಕಥಿ ಎಲ್ಲಾ ಒಮ್ಮೆ ಎಐಗೆ ಕೊಟ್ಟು ಭಾಷಾ ಶುದ್ಧ ಮಾಡಸ್ತೀವ್ರಿ, ಅಷ್ಟ."

"ಶುದ್ಧ ಮಾಡೂದಂದ್ರ ನಮ್ಮತ್ತಿ ಬಾಯಾಗ ಹಾಡು ತುರುಕೂದೇನ್ರಿ?"

"ರಾಗ ಅಂತ ಬರದಾವ್ರು ನೀವ ಅಲ್ರೀ!" ಎಂದವನು ದನಿ ತಗ್ಗಿಸಿದ. "ಅಕ್ಕಾರ, ಈ ಸಲ ವಿಶೇಷಾಂಕದ ಕಥಾ ಬಹುಮಾನ ನಿಮಗ ಬಂದೈತಿ. ಓದಿದವ್ರೆಲ್ಲಾ ಆ ಹಾಡಿಂದ ಮಾತಾಡಾಕತ್ತಾರ. ನಂದಲ್ಲ ಅಂದ್ರ ಅದು ಬ್ಯಾರೇದವ್ರಿಗೆ ಹೋಗ್ತೈತಿ. ಸುಮ್ನಿದ್ದುಬಿಡ್ರಿ."

ನಾನು ಎದ್ದು ಬಂದೆ. ಬಸ್ಸಿನಲ್ಲಿ ಕಥೆಯನ್ನು ಮತ್ತೆ ಓದಿದರೆ ಯಾವುದು ನನ್ನ ಸಾಲು, ಯಾವುದು ಎಐನದು ಎಂದು ನನಗೇ ಗೊತ್ತಾಗದೆ ಭಯವಾಯಿತು. ಚೆಂದದ ಸಾಲು ಕಂಡರೆ ನನ್ನದೇ ಇರಬೇಕು ಎಂದುಕೊಳ್ಳುತ್ತಿದ್ದೆ. ಬಹುಮಾನ ಬೇಕು ಅನ್ನಿಸಿತು. ಸುಳ್ಳೇಕೆ, ಬಹಳ ಬೇಕು ಅನ್ನಿಸಿತು. ಹೇಗೂ ಅದು ಅತ್ತೆಯನ್ನು ಹಾಡುಗಾರ್ತಿ ಮಾಡಿದೆಯಲ್ಲ, ಕೇಳಿದರೆ ಅವರೂ ಖುಷಿಪಟ್ಟಾರು ಎಂದುಕೊಂಡೆ.

ಮನೆಗೆ ಬಂದು ಅತ್ತೆಯ ಮುಂದೆ ಕುಳಿತು ಪೂರ್ತಿ ಓದಿದೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿದರು.

"ಚೆಂದ ಐತಿ. ಯಾರ ಮನಿ ಅತ್ತಿ ಈಕಿ?"

"ನೀವ್ರೀ, ಅತ್ಯಾರ. ನನ್ನ ಪರೀಕ್ಷಾದಾಗಿಂದು."

ಸುಲಿಯುವ ಕೈ ನಿಂತಿತು. ಅತ್ತೆ ನನ್ನನ್ನು ನೋಡಿದ ರೀತಿ, ನಾನು ಗಂಡನನ್ನು ನೋಡಿದ್ದೆನಲ್ಲ, ಹಾಗೇ ಇತ್ತು.

"ಹಿಂಗ್ಯಾಕ ಬರದಿ? ನಾ ಅವತ್ತ ಹಾಡಿದ್ರ ನೀ ಪರೀಕ್ಷಾ ಬರೀತಿದ್ಯೇನು? ನಿಮ್ಮ ಮಾವ ಹಾಡಿಗೆ ತಾಳಾ ಹಾಕಿ, ಹೊಟ್ಟಿತುಂಬ ಉಂಡು ಮಲಗಿರ್ತಿದ್ರು." ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟರು. "ಇಡೀ ಜನ್ಮದಾಗ ಒಂದ ಸಲ ಆ ಮನಷಾನ ಎದುರು ನಿಂತೀನಿ ನಾ. ಅದನ್ನೂ ಕಸಗೊಂಡೇನ ನೀ?"

ನಾನು ಪತ್ರಿಕೆ ಮಡಚಿಟ್ಟೆ. ಅಲ್ಲೇ ಕುಳಿತು ಗೌರೀಶನಿಗೆ ಫೋನು ಹಚ್ಚಿ, ಆ ಕಥೆ ನನ್ನದಲ್ಲ, ಬಹುಮಾನದಿಂದ ನನ್ನ ಹೆಸರು ತೆಗೆಯಿರಿ ಎಂದೆ. ನಾನು ಅಷ್ಟನ್ನೂ ಹೇಳಿ ಮುಗಿಸುವವರೆಗೆ ಅತ್ತೆ ನನ್ನ ಬಾಯನ್ನೇ ನೋಡುತ್ತ ಕುಳಿತಿದ್ದರು.