ಎದ್ದವನ ಪಾಲು

ಕಾಂಪೌಂಡರ್ ಮೊದಲನೇ ಏಟಿಗೇ ನೆಲ ಕಂಡ. ಎರಡನೆಯದರ ಅಗತ್ಯವೇ ಇರಲಿಲ್ಲ. ಆದರೆ ಸುತ್ತಿಗೆ ಮೇಸ್ತ್ರಿಯ ಕೈ ಎಂದೂ ಒಂದಕ್ಕೆ ನಿಂತದ್ದಲ್ಲ.

"ಸೀಮೆಸುಣ್ಣದ ಪುಡೀನ ಉಂಡೆ ಮಾಡಿ ನನ್ನ ತಮ್ಮನಿಗೆ ತಿನ್ನಿಸ್ತೀಯಾ? ಖೋಟಾ ಮಾತ್ರೆ ಕೊಟ್ಟು ಕೊಲ್ತೀಯಾ?"

"ಮಾತ್ರೆ ಸರಿಯಾಗೇ ಇದೆ ಮೇಸ್ತ್ರಿ. ಹೊಡೀಬೇಡ, ಒಂದು ಮಾತು ಕೇಳು..."

ಮೇಸ್ತ್ರಿ ಕೇಳಲಿಲ್ಲ. ಕಾಂಪೌಂಡರನನ್ನು ಕಾಲರು ಹಿಡಿದು ಔಷಧದ ಕಬ್ಬಿಣದ ಬೀರುವಿನವರೆಗೆ ಎಳೆದೊಯ್ದ. "ಇದೇ ಕೈಯಲ್ಲಿ ತಾನೆ ಕೊಟ್ಟಿದ್ದು?" ಎಂದು ಅವನ ಬಲಗೈಯನ್ನು ಬಾಗಿಲ ಸಂದಿಗೆ ತುರುಕಿ, ಬಾಗಿಲಿಗೆ ಝಾಡಿಸಿ ಒದ್ದ. ಕಲ್ಲು ಸೀಳುವ ಮುನ್ನ ಒಳಗೆಲ್ಲೋ ಬರುವಂಥ ಸಣ್ಣ ಸದ್ದು ಬಂತು. ಆಮೇಲೆ ಕಾಂಪೌಂಡರ್ ಕಿರುಚಿದ್ದು ಕ್ರಷರ್ ಯಂತ್ರದ ಗದ್ದಲವನ್ನೂ ಮೀರಿ ಹೊರಗೆ ಕೇಳಿಸಿತು. ಆದರೂ ಯಾರೂ ಬರಲಿಲ್ಲ. ಮೇಸ್ತ್ರಿ ಒಳಗಿರುವಾಗ ನಡುವೆ ಬರುವಷ್ಟು ಹುಚ್ಚು ಆ ಕಲ್ಲಿನ ಕ್ವಾರಿಯಲ್ಲಿ ಯಾರಿಗೂ ಹಿಡಿದಿರಲಿಲ್ಲ.

ಅದು ಕ್ವಾರಿಯ ಔಷಧದ ಕೋಣೆ. ತಗಡಿನ ಮಾಡು, ಒಂದು ಮಂಚ, ಒಂದು ಬೀರು, ಮೂಲೆಯಲ್ಲಿ ಕೈ ತೊಳೆಯುವ ತೊಟ್ಟಿ. ಎಲ್ಲದರ ಮೇಲೂ ಒಂದು ಪದರ ಕಲ್ಲಿನ ಧೂಳು. ಮಂಚದ ಮೇಲೆ ಮೇಸ್ತ್ರಿಯ ತಮ್ಮ ಜ್ವರದಲ್ಲಿ ಕುದಿಯುತ್ತಿದ್ದ. ಮಲೇರಿಯಾ ಅಲ್ಲಿ ಹೊಸದೇನಲ್ಲ. ಕಲ್ಲು ತೆಗೆದ ಗುಂಡಿಗಳಲ್ಲಿ ನೀರು ನಿಲ್ಲುತ್ತಿತ್ತು, ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತಿತ್ತು. ಆದರೆ ಮಾತ್ರೆ ನುಂಗಿದವನು ಎರಡನೇ ದಿನಕ್ಕೆಲ್ಲ ಎದ್ದು ಕೂರುತ್ತಿದ್ದ. ಈ ಸಲ ಮೇಸ್ತ್ರಿ ತಾನೇ ಕೂತು ತಮ್ಮನಿಗೆ ಒಂದೂ ಬಿಡದೆ ಅಷ್ಟೂ ಮಾತ್ರೆ ನುಂಗಿಸಿದ್ದ. ಜ್ವರ ಜಗ್ಗಲಿಲ್ಲ. ಇವತ್ತು ಬೆಳಿಗ್ಗೆ ತಮ್ಮ ಕಣ್ಣು ಮೇಲೆ ಮಾಡಿ, "ನೀನ್ಯಾರು?" ಎಂದು ಕೇಳಿದ. ತಾಯಿ ಸತ್ತಾಗಿನಿಂದ ಎತ್ತಿ ಆಡಿಸಿ ಬೆಳೆಸಿದ ತಮ್ಮ! ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. ಹೆದರಿಕೆಯಾದಾಗ ಅಳುವವರಿರುತ್ತಾರೆ. ಇವನಿಗೆ ಹೆದರಿಕೆಯಾದರೆ ಯಾರದ್ದಾದರೂ ಮೂಳೆ ಮುರಿಯಬೇಕಿತ್ತು.

ಇವನನ್ನು ಬರೀ ಪುಂಡ ಅನ್ನುವಂತಿಲ್ಲ. ಇವನಲ್ಲಿ ನ್ಯಾಯವೂ ಇತ್ತು, ಆದರೆ ಆ ನ್ಯಾಯವೂ ಸುತ್ತಿಗೆಯ ಹಾಗೇ ಮೊಂಡು. ಕ್ವಾರಿಗೆ ಮಾತ್ರೆ ಬರುತ್ತಿದ್ದುದು ತಡವಾಗಿ, ಬಂದರೂ ಕಡಿಮೆ. ಅದಕ್ಕೇ ಇವನೊಂದು ಕಾನೂನು ಮಾಡಿದ್ದ. ಮಾತ್ರೆಯೆಲ್ಲ ಇವನ ಅಂಗಿಯ ಜೇಬಿನಲ್ಲಿ. ಬಿದ್ದವನಿಗೆ ಕೊಡುವುದು, ಎದ್ದು ನಿಂತ ಕೂಡಲೇ ನಿಲ್ಲಿಸುವುದು. "ಎದ್ದವನಿಗೆ ಮಾತ್ರೆ ಯಾಕೆ? ಅವನ ಪಾಲು ಮುಂದೆ ಬಿದ್ದವನಿಗೆ." ಕಾಂಪೌಂಡರ್ ಪೂರ್ತಿ ಮುಗಿಸಬೇಕು ಮುಗಿಸಬೇಕು ಎಂದು ಗೊಣಗುತ್ತಿದ್ದ. ಆದರೆ ಸುತ್ತಿಗೆಯ ಎದುರು ಗೊಣಗಲಿಕ್ಕೂ ಒಂದು ಮಿತಿ ಇತ್ತು. ಆಳುಗಳಿಗಂತೂ ಕಾನೂನು ಹಿಡಿಸಿತ್ತು. ಕಳೆದ ಬೇಸಿಗೆಯಲ್ಲಿ ಅದು ಮೊದಲು ಜಾರಿಯಾದದ್ದು ಈ ತಮ್ಮನ ಮೇಲೇ. ಮೇಸ್ತ್ರಿ ಅವನ ಬಾಯಿಗೆ ಹೋಗಬೇಕಿದ್ದ ಮಾತ್ರೆಗಳನ್ನು ಎಲ್ಲರ ಎದುರೇ ಕಲ್ಲಿಗೆ ತೂತು ಕೊರೆಯುವ ಡ್ರಿಲ್ಲರ್‌ಗೆ ಕೊಟ್ಟು, ತಮ್ಮನೆಂದು ಪಕ್ಷಪಾತ ಮಾಡಲಿಲ್ಲ ಅನಿಸಿಕೊಂಡಿದ್ದ.

ಹೊರಗೆ ಜೀಪು ನಿಂತ ಸದ್ದಾಯಿತು. ಒಳಗೆ ಬಂದವಳು ಲ್ಯಾಬ್ ಮೇಡಂ. ಈಚೆಗೆ ಜ್ವರ ಸರಿಯಾಗಿ ಇಳಿಯುತ್ತಿಲ್ಲ ಎಂದು ಕಾಂಪೌಂಡರೇ ಹೇಳಿ ಕಳಿಸಿದ್ದರಿಂದ, ಹಿಂದೊಮ್ಮೆ ಬಂದು ಎಲ್ಲರ ಬೆರಳು ಚುಚ್ಚಿ ಕಾಗದದ ಮೇಲೆ ರಕ್ತದ ಬೊಟ್ಟು ತೆಗೆದುಕೊಂಡು ಹೋಗಿದ್ದಳು. ಈಗ ನೆಲದ ಮೇಲೆ ಕೈ ಅವುಚಿಕೊಂಡು ಬಿದ್ದ ಕಾಂಪೌಂಡರನನ್ನು ನೋಡಿದಳು, ಮೇಸ್ತ್ರಿಯ ಮುಷ್ಟಿ ನೋಡಿದಳು.

"ಯಾಕೆ ಹೊಡೆದ್ರಿ ಇವರನ್ನ?"

"ಖೋಟಾ ಮಾತ್ರೆ..."

"ಮಾತ್ರೇನೂ ಪರೀಕ್ಷೆ ಮಾಡಿದೀನಿ. ಅಪ್ಪಟ ಮಾತ್ರೆ. ಬದಲಾಗಿರೋದು ರೋಗಾಣು."

ಅವಳು ಮಾತಾಡುತ್ತಲೇ ಎರಡು ರಟ್ಟಿನ ತುಂಡುಗಳ ನಡುವೆ ಕಾಂಪೌಂಡರನ ಕೈ ಇಟ್ಟು ಬಟ್ಟೆ ಸುತ್ತತೊಡಗಿದಳು. "ಈ ಔಷಧ ತಾನಾಗೇ ಕೊಲ್ಲಲ್ಲ. ರೋಗಾಣು ನಮ್ಮ ರಕ್ತ ತಿಂದು ಅರಗಿಸುವಾಗ, ರಕ್ತದಲ್ಲಿರೋ ಕಬ್ಬಿಣ ತಗುಲಿ ಔಷಧಕ್ಕೆ ಕಿಡಿ ಹತ್ತುತ್ತೆ. ಆಗ ರೋಗಾಣು ಸಾಯುತ್ತೆ. ಇಲ್ಲಿಯ ರೋಗಾಣುವಿನ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ಎಳೇದಾಗಿದ್ದಾಗ ಅದು ತಿನ್ನೋದನ್ನ ಕಡಿಮೆ ಮಾಡಿ, ಔಷಧದ ಕಸುವು ಇಳಿಯೋ ತನಕ ಸುಮ್ಮನೆ ಬಿದ್ದಿರುತ್ತೆ. ಜೊತೆಗೆ ಕೊಡೋ ಇನ್ನೊಂದು ಮಾತ್ರೇಗೂ ಪಳಗಿಬಿಟ್ಟಿದೆ. ಅದನ್ನ ತಡೆಯೋ ಜೀನ್ ಒಂದಿರಬೇಕಾದಲ್ಲಿ ಎರಡೆರಡಿದೆ."

ಮೇಸ್ತ್ರಿಗೆ ಜೀನು ಗೀನು ತಲೆಗೆ ಹೋಗಲಿಲ್ಲ. ಆದರೆ ಸುಮ್ಮನೆ ಬಿದ್ದಿರುವುದು ಅರ್ಥವಾಯಿತು. ಅಂಥವರನ್ನು ಅವನು ಹೊಡೆದಿದ್ದ. ಏಟು ಬೀಳುವಷ್ಟು ಹೊತ್ತು ಸತ್ತಂತೆ ಬಿದ್ದಿದ್ದು, ಹೊಡೆದವನು ಬೆನ್ನು ತಿರುಗಿಸಿದ ಮೇಲೆ ಕಲ್ಲು ಹಿಡಿದು ಏಳುವವರು.

"ಇಲ್ಲಿ ಎಲ್ಲರ ರಕ್ತದಲ್ಲೂ ಅದೇ ಅಕ್ಷರ, ಅಕ್ಕಪಕ್ಕದ ಬರಹವೂ ಅಚ್ಚು ಹೊಡೆದ ಹಾಗೆ ಒಂದೇ. ಅಂದ್ರೆ ಎಲ್ಲಾ ಒಂದೇ ಕುಲ. ಯಾರದೋ ಮೈಯಲ್ಲಿ ಔಷಧ ಅರ್ಧಕ್ಕೆ ನಿಂತಿದೆ. ಬಡಪಾಯಿ ರೋಗಾಣುಗಳೆಲ್ಲ ಸತ್ತು ಗಟ್ಟಿಯಾದ್ದು ಮಾತ್ರ ಉಳಿದಿದೆ. ಅದನ್ನ ಸೊಳ್ಳೆ ಹಂಚಿದೆ. ಯಾರಾದ್ರೂ ಮಾತ್ರೆ ಅರ್ಧಕ್ಕೆ ಬಿಟ್ಟಿದ್ರಾ?"

ಕಾಂಪೌಂಡರ್ ಮೇಸ್ತ್ರಿಯ ಮುಖವನ್ನೇ ನೋಡಿದ. ಮೇಸ್ತ್ರಿಯ ಕೈ ತಾನಾಗೇ ಅಂಗಿಯ ಜೇಬಿಗೆ ಹೋಯಿತು. ಬಾಯಿಗೆ ಹೋಗಬೇಕಿದ್ದ ಮಾತ್ರೆಯನ್ನು ಜೇಬಿಗೆ ಹಾಕಿಕೊಂಡವನು ತಾನೇ. ನಾಚಿಕೆಯಿಂದ ಅವನ ಕಿವಿ ಸುಟ್ಟಿತು.

ಅಷ್ಟರಲ್ಲಿ ತಮ್ಮನಿಗೆ ಸೆಳೆತ ಶುರುವಾಯಿತು. ಮಂಚ ಗೋಡೆಗೆ ದಡಬಡ ಬಡಿಯಿತು. ಹಲ್ಲು ಕಚ್ಚಿ ತುಟಿಯಿಂದ ರಕ್ತ ಬಂತು. ಮೇಸ್ತ್ರಿ ಅವನ ಭುಜಗಳನ್ನು ಒತ್ತಿ ಹಿಡಿದ.

"ಮಿದುಳಿಗೆ ಏರಿದೆ," ಎಂದ ಕಾಂಪೌಂಡರ್ ಎದ್ದು ಬರುತ್ತಾ. "ಈ ಸ್ಥಿತೀಲಿ ಜೀಪಿನಲ್ಲಿ ಹಾಕಿದ್ರೆ ದಾರೀಲೇ ಹೋಗ್ತಾನೆ. ಕ್ವಿನೈನ್ ಇದೆಯಾ ಮೇಡಂ?"

ಹಳೆಯ ಔಷಧ. ಇದಕ್ಕೆ ಈ ರೋಗಾಣು ಇನ್ನೂ ಪಳಗಿರಲಿಲ್ಲ. ಅವಳ ಪೆಟ್ಟಿಗೆಯಲ್ಲಿ ಒಬ್ಬನಿಗಾಗುವಷ್ಟು ಮಾತ್ರ ಇತ್ತು. ಇನ್ನಷ್ಟು ತರಲು ಅವಳು ಜೀಪನ್ನು ಕೂಡಲೇ ಆಸ್ಪತ್ರೆಗೆ ಓಡಿಸಿದಳು. ಔಷಧವನ್ನು ನರಕ್ಕೆ ಹನಿಸುವ ಗ್ಲೂಕೋಸ್ ಬಾಟಲಿಗೆ ಸೇರಿಸಿಯಾಯಿತು. ಸೂಜಿ ಹಾಕುವವರು ಯಾರು? ಮೇಡಂ ಬೆರಳು ಚುಚ್ಚಿದ್ದಳೇ ಹೊರತು ನರ ಹಿಡಿದವಳಲ್ಲ. ಸೆಳೆತದ ನಡುವೆಯೂ ನರ ಹುಡುಕಬಲ್ಲ ಒಂದೇ ಕೈ ರಟ್ಟಿನ ನಡುವೆ ಊದಿ ಬದನೆಕಾಯಿಯಾಗಿತ್ತು.

"ಬಾ," ಎಂದ ಕಾಂಪೌಂಡರ್ ಮೇಸ್ತ್ರಿಗೆ. "ಕೈ ತೊಳ್ಕೊಂಡು ಬಾ. ನಾನು ಹೇಳಿದ ಹಾಗೆ ಮಾಡು."

ಮೇಡಂ ತಮ್ಮನ ತೋಳಿನ ಮೇಲೆ ಮಂಡಿಯೂರಿದಳು. ಮೇಸ್ತ್ರಿ ಚುಚ್ಚಿದ, ತಪ್ಪಿತು. ಮತ್ತೆ ಚುಚ್ಚಿದ, ನರ ಜಾರಿತು, ಚರ್ಮದಡಿ ನೀಲಿ ಗಂಟು ಎದ್ದಿತು. ಬಂಡೆಗೆ ಹೆದರದ ಕೈ ಗಡಗಡ ನಡುಗಿತು. ಕಾಂಪೌಂಡರ್ ತನ್ನ ಎಡಗೈಯನ್ನು ಅವನ ಮಣಿಕಟ್ಟಿನ ಮೇಲಿಟ್ಟು ಹಿಡಿದ. "ಚರ್ಮ ಎಳೆದು ಹಿಡಿ. ಓರೆಯಾಗಿ. ಮೆಲ್ಲಗೆ." ಸೂಜಿಯ ಹಿಂದೆ ರಕ್ತ ಇಣುಕಿತು. ಔಷಧ ಹನಿಹನಿಯಾಗಿ ಇಳಿಯತೊಡಗಿತು.

"ಕ್ಷಮಿಸಿ ಕಾಂಪೌಂಡರೇ. ನೀವು..." ಎಂದ ಮೇಸ್ತ್ರಿ.

ಸೆಳೆತ ನಿಂತಿತು. ಬಾಟಲಿ ಅರ್ಧಕ್ಕೆ ಬರುವ ಹೊತ್ತಿಗೆ ತಮ್ಮ ಕಣ್ಣು ಬಿಟ್ಟು, "ಅಣ್ಣಾ, ನೀರು," ಎಂದ. ಮೇಸ್ತ್ರಿಗೆ ಅಳು ಬಂತು. ಕಿಟಕಿಯಲ್ಲಿ ಯಾರೋ ಇಣುಕಿ ಹೋದದ್ದನ್ನು ಅವನು ಗಮನಿಸಲಿಲ್ಲ.

ಹೊರಗೆ ಗದ್ದಲವಾಯಿತು. ಡ್ರಿಲ್ಲರ್ ಕೈಯಲ್ಲಿ ಹಾರೆ ಹಿಡಿದು ನಿಂತಿದ್ದ. ಹಿಂದೆ ಹತ್ತಾರು ಜನ. ನಡುವೆ ಗೋಣಿಯ ಮೇಲೆ ಅವನ ಭಾವ ಜ್ವರದಲ್ಲಿ ನರಳುತ್ತಿದ್ದ.

"ನಿನ್ನ ತಮ್ಮ ಕಣ್ಣು ಬಿಟ್ಟನಂತಲ್ಲ ಮೇಸ್ತ್ರಿ. ಉಳಿದ ಔಷಧ ಈಚೆ ಕೊಡು."

ಮೇಡಂ ಬಾಗಿಲಿಗೆ ಬಂದು ಬಗ್ಗಿ ನೋಡಿದಳು. "ಇವರಿಗಿನ್ನೂ ಪ್ರಜ್ಞೆ ಇದೆ, ನುಂಗೋಕೂ ಆಗುತ್ತೆ. ಜೀಪು ಸಂಜೆಯೊಳಗೆ ಔಷಧ ತರುತ್ತೆ, ಅಲ್ಲೀವರೆಗೆ ತಡೀತಾರೆ. ಒಳಗಿರೋನು ತಡಿಯಲ್ಲ. ಅರ್ಧರ್ಧ ಹಂಚಿದ್ರೆ ಇಬ್ಬರಿಗೂ ಇಲ್ಲ."

"ನಿಮ್ಮನ್ನಲ್ಲ ಕೇಳಿದ್ದು. ಏನು ಮೇಸ್ತ್ರಿ, ಎದ್ದವನ ಪಾಲು ಬಿದ್ದವನಿಗೆ, ಅಲ್ವಾ? ಇಲ್ಲಾ ಕಾನೂನು ಬರೀ ನಮಗೋ?"

"ಆ ಕಾನೂನು ತಪ್ಪು ಕಣೋ."

"ಈಗ ತಪ್ಪಾಯ್ತಾ!"

ಜನ ನುಗ್ಗಿದರು. ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ಅಡ್ಡ ನಿಂತ. ಮೊದಲು ಬಂದವನ ಮೂಗು ಒಡೆದ, ಎರಡನೆಯವನನ್ನು ಹೊಟ್ಟೆಗೆ ಒದ್ದು ಕೆಡವಿದ. ಯಾರೋ ಎಸೆದ ಜಲ್ಲಿಕಲ್ಲು ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಆದರೂ ಕದಲಲಿಲ್ಲ. ಆಗ ಡ್ರಿಲ್ಲರ್ ಹಾರೆ ಬೀಸಿದ. ಅದು ಚೌಕಟ್ಟು ಹಿಡಿದಿದ್ದ ಬಲಗೈಯ ಮೇಲೆ ಬಿತ್ತು. ಅದೇ ಸಣ್ಣ ಸದ್ದು. ಈ ಸಲ ಅದು ತನ್ನ ಮೈಯೊಳಗಿಂದ ಬಂತೆಂದು ತಿಳಿಯಲು ಮೇಸ್ತ್ರಿಗೆ ಒಂದು ಕ್ಷಣ ಹಿಡಿಯಿತು.

ಡ್ರಿಲ್ಲರ್ ಅವನನ್ನು ದಾಟಿ ಒಳಗೆ ನುಗ್ಗಿದ. ನುಗ್ಗಿದವನು ಅಲ್ಲೇ ನಿಂತುಬಿಟ್ಟ.

ಮೊಣಕೈ ಊರಿ ತಮ್ಮ ಎದ್ದು ಕೂತಿದ್ದ. ಸೂಜಿಯನ್ನು ತಾನೇ ಕಿತ್ತು ಹಾಕಿದ್ದ. ತೋಳಿನಿಂದ ರಕ್ತ ಸೋರುತ್ತಿತ್ತು.

"ನಂಗೆ ವಾಸಿ ಆಯ್ತು ಅಣ್ಣಾ," ಎಂದ, ನಾಲಿಗೆ ತೊದಲುತ್ತಾ. "ಉಳಿದಿದ್ದು ಅವರಿಗೆ ಕೊಡು. ನೀನೇ ಹೇಳಿಕೊಟ್ಟಿದ್ದಲ್ವಾ? ಹೊಡೆದಾಡಬೇಡಿ."

ಇಷ್ಟು ಹೇಳಿ ದಿಂಬಿಗೆ ಒರಗಿದ. ಕಣ್ಣು ಮತ್ತೆ ಮೇಲೆ ಹೋಗುತ್ತಿತ್ತು. ಮೇಸ್ತ್ರಿ ಸೂಜಿಯತ್ತ ಕೈ ಚಾಚಿದ. ಬೆರಳುಗಳು ಮಾತು ಕೇಳಲಿಲ್ಲ. ಕಾಂಪೌಂಡರನ ಕೈ ನೋಡಿದ, ಮೇಡಂಳ ನಡುಗುವ ಕೈ ನೋಡಿದ. ಆಮೇಲೆ ಡ್ರಿಲ್ಲರ್‌ನ ಕೈ ನೋಡಿದ. ಕೋಣೆಯಲ್ಲಿ ನಡುಗದೆ ನೆಟ್ಟಗಿದ್ದ ಕೈ ಅದೊಂದೇ.

"ಹೋದ ಸಲ ನಿಂಗೆ ಕೊಟ್ಟಿದ್ದು ಇವನ ಮಾತ್ರೆ," ಎಂದ ಮೇಸ್ತ್ರಿ. "ನಾನೇ ಕಿತ್ಕೊಂಡು ಕೊಟ್ಟೆ. ಇವನ ಮೈಯಲ್ಲಿ ಸಾಯದೆ ಉಳಿದಿದ್ದೇ ಈಗ ನಿಮ್ಮ ಭಾವನ ಮೈಯಲ್ಲಿರೋದು. ನಾನು ಸಾಕಿದ್ದು ಅದನ್ನ. ಬೇಕಾದ್ರೆ ಇನ್ನೊಂದು ಕೈನೂ ಮುರಿ, ಬೇಡ ಅನ್ನಲ್ಲ. ಮೊದ್ಲು ಸೂಜಿ ಹಾಕು."

ಡ್ರಿಲ್ಲರ್ ಹೊರಗೆ ನೋಡಿದ. ಭಾವನ ನರಳಾಟ ಕೇಳುತ್ತಿತ್ತು. ಹಾರೆ ಹಿಡಿದ ಮುಷ್ಟಿ ಬಿಗಿಯಾಯಿತು, ಸಡಿಲವಾಯಿತು. ಕಾಂಪೌಂಡರ್ ಮಂಚದ ಪಕ್ಕ ಮಂಡಿಯೂರಿ, ಹೊಸ ಸೂಜಿಯ ಪೊಟ್ಟಣವನ್ನು ಹಲ್ಲಿನಿಂದ ಹರಿದ.

"ಕೈ ತೊಳ್ಕೊಂಡು ಬಾ," ಎಂದ.

ಹಾರೆ ನೆಲಕ್ಕೆ ಬಿತ್ತು. ತೊಟ್ಟಿಯಲ್ಲಿ ನೀರು ಬಿದ್ದ ಸದ್ದು ಕೇಳಿತು.

ತೋಳು ಕೊಡಲು ತಮ್ಮ ಒಪ್ಪಲಿಲ್ಲ. ಬೇಡ, ಅವರಿಗೆ ಕೊಡಿ ಎಂದು ಕೊಸರಾಡಿದ, ಒದ್ದ, ಅಣ್ಣನ ಮುರಿದ ಕೈಗೇ ಕಚ್ಚಿದ. ಮೇಸ್ತ್ರಿ ಎಡಗೈಯಿಂದ ಅವನ ಕೆನ್ನೆಗೆ ಬಾರಿಸಿ, ತನ್ನ ಇಡೀ ಭಾರ ಹಾಕಿ ಅವನ ಎದೆಯ ಮೇಲೆ ಮಲಗಿಬಿಟ್ಟ. ಕಿವಿಯ ಪಕ್ಕದಲ್ಲೇ ಕಾಂಪೌಂಡರನ ದನಿ ಕೇಳುತ್ತಿತ್ತು: ಚರ್ಮ ಎಳೆದು ಹಿಡಿ, ಓರೆಯಾಗಿ, ಮೆಲ್ಲಗೆ.

"ರಕ್ತ ಬಂತು," ಎಂದ ಡ್ರಿಲ್ಲರ್.

ಬಾಟಲಿಯ ಕೊನೆಯ ಹನಿ ಇಳಿಯುವವರೆಗೂ ಮೇಸ್ತ್ರಿ ತಮ್ಮನ ಮೇಲಿಂದ ಏಳಲಿಲ್ಲ.