ನಿಧನವಾರ್ತೆಯಲ್ಲಿ ಇಲ್ಲದ ಹೆಸರು

ನಮ್ಮ ಊರಿನ ವಾರಪತ್ರಿಕೆಗೆ ನಿಧನವಾರ್ತೆ ಬರೆಯುವವಳು ನಾನು, ಡೊರೀನ್. ಗ್ರಂಥಾಲಯ ನೋಡಿಕೊಳ್ಳುವವಳೂ ನಾನೇ. ನಮ್ಮಲ್ಲಿ ನಿಧನವಾರ್ತೆ ನಾಲ್ಕು ಸಾಲಿನಲ್ಲಿ ಮುಗಿಯುವುದಿಲ್ಲ. ಹೆಂಡತಿಯ ತವರು ಯಾವುದು, ಆಕೆ ಹುಟ್ಟಿದ್ದೆಲ್ಲಿ, ಮದುವೆ ಯಾವ ತಾರೀಕು, ಸಾಕಿದ ನಾಯಿಯ ಹೆಸರೇನು, ಎಲ್ಲವೂ ಬರಬೇಕು. ಒಂದು ಬಿಟ್ಟುಹೋದರೂ ಭಾನುವಾರ ಚರ್ಚಿನಲ್ಲಿ ಸಿಗುವ ಹೆಂಗಸರು ನನ್ನನ್ನು ಹುರಿದು ಮುಕ್ಕುತ್ತಾರೆ.

ಮೂರು ವರ್ಷದ ಹಿಂದೆ ಸ್ಟೆಫಾನ್ ಹ್ಲಾದುನ್ ತೀರಿಕೊಂಡಾಗಲೂ ಹಾಗೇ ಬರೆದೆ. ಬರೆದದ್ದು ಸಾಲದೆಂದು ಇಂಟರ್ನೆಟ್ಟಿಗೂ ಹಾಕಿದೆ.

ಅವರ ಹೆಂಡತಿ ಒರಿಸ್ಯಾ ಊರಿಗೆಲ್ಲ ಚಿಕ್ಕಮ್ಮ. ನಾವು ತೇತಾ ಅನ್ನುತ್ತೇವೆ. ಎಪ್ಪತ್ತಾರು ವಯಸ್ಸು, ಎರಡೂ ಕಣ್ಣಿಗೆ ಪೊರೆ. ಹದಿನಾಲ್ಕು ತಿಂಗಳು ಕಾದ ಮೇಲೆ ಆಪರೇಷನ್‌ಗೆ ದಿನ ಸಿಕ್ಕಿತ್ತು. ಅದಕ್ಕೆ ಒಂಬತ್ತು ದಿನ ಇರುವಾಗ ಆಸ್ಪತ್ರೆಯಿಂದ ಫೋನು ಬಂತು. ನಿಮ್ಮ ಸರ್ಕಾರಿ ಆರೋಗ್ಯ ಕಾರ್ಡು ರದ್ದಾಗಿದೆ, ನೀವು ಬೇರೆ ಪ್ರಾಂತ್ಯಕ್ಕೆ ಮನೆ ಬದಲಾಯಿಸಿದ್ದೀರಂತೆ, ಶುಕ್ರವಾರದೊಳಗೆ ಸರಿಯಾಗದಿದ್ದರೆ ನಿಮ್ಮ ದಿನ ಬೇರೆಯವರಿಗೆ ಹೋಗುತ್ತದೆ ಎಂದರಂತೆ. ತೇತಾ ಆ ಮನೆಗೆ ಮದುವೆಯಾಗಿ ಬಂದ ಮೇಲೆ ಬಾಗಿಲಿನ ಬಣ್ಣ ಕೂಡ ಬದಲಾಯಿಸಿದವರಲ್ಲ.

ನೇರ ಗ್ರಂಥಾಲಯಕ್ಕೆ ಬಂದರು. ನಾನು ಅವರ ಮೇಲ್ ತೆರೆದು ನೋಡಿದೆ. ಅಳಿಸಿದ ಪತ್ರಗಳ ನಡುವೆ ಸರ್ಕಾರದಿಂದಲೇ ಬಂದ ಮೂರು ಪತ್ರ ಬಿದ್ದಿದ್ದವು. ವಿಳಾಸ ಬದಲಾಯಿಸಲು ಕೇಳಿದ್ದು ನೀವೇ ತಾನೆ, ಅಲ್ಲದಿದ್ದರೆ ಕೂಡಲೇ ತಿಳಿಸಿ ಎಂದು ಮೂರೂ ಸಲ ಕೇಳಿದ್ದರು. ಯಾಕೆ ಅಳಿಸಿದಿರಿ ಎಂದೆ.

“ನೀನೇ ತಾನೆ ಹೇಳ್ಕೊಟ್ಟಿದ್ದು? ಸರ್ಕಾರದ ಹೆಸರಲ್ಲಿ ಏನ್ ಬಂದ್ರೂ ಕಳ್ಳರದ್ದೇ, ಕಣ್ಮುಚ್ಚಿ ಅಳಿಸಾಕಿ ಅಂತ. ನಂಗೆ ಕಣ್ಮುಚ್ಚೋ ಕೆಲಸಾನೂ ಉಳೀತು.”

ನಿಜ. ಪ್ರತಿ ಮಂಗಳವಾರ ಹಿರಿಯರನ್ನು ಕೂರಿಸಿಕೊಂಡು ನಾನು ಕಲಿಸುತ್ತಿದ್ದದ್ದು ಅದನ್ನೇ. ನನ್ನ ಜಾಣತನಕ್ಕೆ ಬೆಂಕಿ ಬಿತ್ತು.

ಪತ್ರದಲ್ಲಿದ್ದ ನಂಬರನ್ನು ನಂಬದೆ, ತೇತಾ ಅವರ ಹಳೆಯ ಕಾರ್ಡಿನ ಹಿಂದಿದ್ದ ನಂಬರಿಗೆ ಫೋನು ಮಾಡಿದೆ. ಐವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಅಧಿಕಾರಿ ಸಿಕ್ಕ. ತವರಿನ ಹೆಸರು, ಹುಟ್ಟಿದ ಊರು, ಮದುವೆಯ ತಾರೀಕು ಕೇಳಿದ. ತೇತಾ ಪಟಪಟನೆ ಹೇಳಿದರು.

“ಅಮ್ಮಾ, ನಿಮ್ಮ ಹೆಸರಲ್ಲಿ ವಿಳಾಸ ಬದಲಾಯಿಸೋಕೆ ಇನ್ನೊಬ್ರು ಕೇಳಿದ್ರಲ್ಲ, ಇದನ್ನೆಲ್ಲ ಅವ್ರೂ ಸರಿಯಾಗೇ ಹೇಳಿದ್ದಾರೆ,” ಎಂದ ಅವನು.

ತವರು, ಊರು, ತಾರೀಕು: ನಾನು ಬರೆದ ನಿಧನವಾರ್ತೆಯ ಎರಡನೇ ಪ್ಯಾರಾ ಅದು. ಕಳ್ಳರಿಗೆ ಬಾಗಿಲು ತೆಗೆದು ಒಳಗೆ ಕರೆದವಳು ನಾನೇ. ನಾಚಿಕೆಯಿಂದ ತೇತಾ ಮುಖ ನೋಡಲಾಗಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ ಎಂದ ಅಧಿಕಾರಿ. ಏಳು ವರ್ಷದ ಹಿಂದೆ ಕಾರ್ಡಿನ ಖಾತೆ ತೆರೆಯುವಾಗ ಗುಟ್ಟಾಗಿ ಬರೆದದ್ದು: ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು?

ಬುರ್ಕೋ, ನಾಯಿ ಬುರ್ಕೋ ಎಂದು ನಾನು ಪಿಸುಗುಟ್ಟಿದೆ. ಅದೂ ನಿಧನವಾರ್ತೆಯಲ್ಲಿತ್ತು. ತೇತಾ ಸುಮ್ಮನಿರು ಎಂಬಂತೆ ಕೈ ಬೀಸಿದರು. ಅವರ ಕೆನ್ನೆ ಕೆಂಪಾಗಿತ್ತು.

“ಹರ್ಬೂಜ್,” ಎಂದರು.

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಅಧಿಕಾರಿಯ ದನಿ ಬದಲಾಯಿತು. “ಸರಿ ಇದೆ, ಮಿಸೆಸ್ ಹ್ಲಾದುನ್. ಆ ಇನ್ನೊಬ್ರು ಬುರ್ಕೋ ಅಂದಿದ್ರು. ತಪ್ಪು ಅಂದಾಗ, ಮರೆತುಹೋಗಿದೆ ಅಂತ ಜಾರಿಕೊಂಡಿದ್ದಾರೆ. ಅವತ್ತೇ ನಾವು ನಿಲ್ಲಿಸಬೇಕಿತ್ತು.”

ಹರ್ಬೂಜ್ ಅಂದರೆ ನಮ್ಮ ಹಿರಿಯರ ಭಾಷೆಯಲ್ಲಿ ಕುಂಬಳಕಾಯಿ. ಹೆಣ್ಣು ಕೇಳಲು ಬಂದ ಗಂಡು ಇಷ್ಟವಾಗದಿದ್ದರೆ ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ, ಅವನ ಕೈಗೆ ಒಂದು ಕುಂಬಳಕಾಯಿ ಇಟ್ಟು ಕಳಿಸುತ್ತಾರೆ.

“ಸ್ಟೆಫಾನ್‌ಗೆ ಎರಡು ಸಲ ಕೊಟ್ಟು ಕಳಿಸ್ದೆ,” ಎಂದರು ತೇತಾ. “ಮಾನಗೆಟ್ಟವನು, ಮೂರನೇ ಸಲಾನೂ ಬಂದ. ಮದುವೆಯಾದ್ಮೇಲೆ ಬಾಗಿಲು ಹಾಕ್ಕೊಂಡು ನಾನವನ್ನ ಕರೀತಿದ್ದಿದ್ದೇ ಹಾಗೆ. ನಲವತ್ತೊಂಬತ್ತು ವರ್ಷ ಬೇಯ್ಸಿ ಹಾಕಿದೀನಿ, ಒಂದ್ ದಿನಾನೂ ಮಾತು ಕೇಳ್ಲಿಲ್ಲ. ಸಾಕಿದ ಪ್ರಾಣಿ ಅಲ್ದೆ ಇನ್ನೇನು?”

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನಿಧನವಾರ್ತೆ ಬರೆಯುವಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಊರಿಗೆ ಕೊಡೋದನ್ನೆಲ್ಲ ಕೊಟ್ಟೆ. ಇದೊಂದು ನಂದು ಅಂತ ಇಟ್ಕೊಂಡೆ.”

ಗುರುವಾರ ಕಾರ್ಡು ಊರ್ಜಿತವಾಯಿತು. ತೇತಾ ಹೆಸರಲ್ಲಿ ಕಳ್ಳರು ಹಾಕಿದ್ದ ಅರ್ಜಿ ರದ್ದಾಗಿ ಪೊಲೀಸರ ಮೇಜಿಗೆ ಹೋಯಿತು. ಮೊದಲೇ ಗೊತ್ತುಮಾಡಿದ್ದ ದಿನವೇ ಒಂದು ಕಣ್ಣಿನ ಆಪರೇಷನ್ ಆಯಿತು. ಮಂಗಳವಾರದ ಪಾಠವನ್ನು ನಾನು ತಿದ್ದಿಕೊಂಡೆ: ಪತ್ರದೊಳಗಿನ ಯಾವುದನ್ನೂ ಒತ್ತಬೇಡಿ, ಆದರೆ ಅಳಿಸಲೂ ಬೇಡಿ. ಕಾರ್ಡಿನ ಹಿಂದಿನ ನಂಬರಿಗೆ ಕೇಳಿ.

ಎರಡನೇ ಕಣ್ಣೂ ಆದ ಮೇಲೆ ತೇತಾ ಬಂದರು. ನನ್ನನ್ನು ನೆಟ್ಟಗೆ ನೋಡಿ, ನಿನಗೆ ಇಷ್ಟು ನರೆ ಯಾವಾಗ ಬಂತು ಎಂದರು. ಹರ್ಬೂಜ್ ಈಗ ಹೊರಗೆ ಬಿದ್ದಿತ್ತಲ್ಲ, ಗುಟ್ಟಿನ ಉತ್ತರ ಬದಲಾಯಿಸಲು ಅಧಿಕಾರಿ ಹೇಳಿದ್ದ. ಕಣ್ಣು ಮಂಜಾದಾಗಿನಿಂದ ಅವರ ಪಾಸ್‌ವರ್ಡು ಸಹಿತ ಎಲ್ಲವನ್ನೂ ಒತ್ತುತ್ತಿದ್ದವಳು ನಾನು. ಅದೇ ರೂಢಿಯಲ್ಲಿ ಕೀಲಿಮಣೆಗೆ ಕೈಯಿಟ್ಟೆ.

“ಕೈ ತೆಗಿ. ಆ ಕಡೆ ತಿರುಗು.”

ಗೋಡೆಗೆ ಮುಖ ಮಾಡಿ ನಿಂತೆ. ಹಿಂದೆ ಒಂದೊಂದೇ ಅಕ್ಷರ ಒತ್ತುವ ಸದ್ದು, ನಡುನಡುವೆ ಅವರದೇ ಸಣ್ಣ ನಗು. ತಿರುಗಿ ನೋಡಲು ಜೀವ ತಹತಹಿಸಿತು, ಆದರೂ ತಿರುಗಲಿಲ್ಲ.

“ಆಯ್ತಾ ತೇತಾ?”

“ಆಯ್ತು. ನಾನು ಸತ್ತಾಗ್ಲೂ ನಿನ್ನ ಪೇಪರಿಗೆ ಇದು ಸಿಗಲ್ಲ, ಡೊರೀನ್.”